ಪೀಪಿಯ ಮೂರು ನಿಮಿಷ

ಹಾಲ್ಕುರಿಕೆಯ ರಾಮಲಕ್ಷ್ಮಮ್ಮ ಅಟ್ಟ ಹತ್ತಿದರೆಂದರೆ ಕೆಳಗೆ ಮನೆಮಂದಿಯೆಲ್ಲ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ವರ್ಷವಿಡೀ ಅಟ್ಟದಲ್ಲಿ ಒಣಗಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗುಡುಗುಡು ಎನ್ನುತ್ತದೋ ಇಲ್ಲವೋ ಎಂದು ಅವರು ಕೇಳಬೇಕಲ್ಲ. ಟಿವಿ ಬಂದ್, ಮಿಕ್ಸಿ ಬಂದ್. ಯಾರಾದರೂ ಕೆಮ್ಮಿದರೂ "ಶ್, ಸುಮ್ಕಿರ್ರಿ" ಎಂದು ಮೇಲಿನಿಂದ ಗದರಿಕೆ. ಆ ದರ್ಬಾರಿಗೆ ಪ್ರವೇಶವಿದ್ದದ್ದು ಎಂಟು ವರ್ಷದ ಮೊಮ್ಮಗಳು ಸೌಂದರ್ಯಳಿಗೆ ಮಾತ್ರ. ಅಜ್ಜಿಯ ಕಿವಿ ಅವಳಿಗೇ ಬಂದಿತ್ತು.

ಆ ಸೌಂದರ್ಯ ಈ ಬೇಸಿಗೆಯಲ್ಲಿ ಕಾಯಿ ಅಲ್ಲಾಡಿಸುತ್ತಲೇ ಇದ್ದಕ್ಕಿದ್ದಂತೆ ನಿಂತುಬಿಡತೊಡಗಿದಳು. ಕೈ ಕಿವಿಯ ಬಳಿಯೇ, ನೋಟ ಇನ್ನೆಲ್ಲೋ, ರೆಪ್ಪೆ ಮಾತ್ರ ಸಣ್ಣಗೆ ಪಟಪಟ. ಹತ್ತು ಎಣಿಸುವಷ್ಟರಲ್ಲಿ ಏನೂ ಆಗದವಳಂತೆ ಮತ್ತೆ ಅಲ್ಲಾಡಿಸುತ್ತಿದ್ದಳು.

"ಎಲ್ಲೋಗಿದ್ದೆಯೇ?"

"ಇಲ್ಲೇ ಇದ್ದೀನಲ್ಲಜ್ಜಿ."

ಶಾಲೆಯ ಮೇಡಂ ಹುಡುಗಿಗೆ ಗಮನ ಸಾಲದು ಎಂದರು. ರಾಮಲಕ್ಷ್ಮಮ್ಮ ಒಪ್ಪಲಿಲ್ಲ. ಅವರ ಮೈದುನ ಶಿವಮೂರ್ತಿಗೆ ಹಳೆಯ ಫಿಟ್ಸ್. ಬೀಳುವ ಮುಂಚೆ ಅವನ ಕಣ್ಣೂ ಹೀಗೇ ಆಗುತ್ತಿತ್ತು. ಇದೂ ಅದರ ನೆಂಟನೇ ಎಂದು ಅವರು ತೀರ್ಮಾನಿಸಿದರು. ತೀರ್ಮಾನವೇನೋ ಸರಿಯಾಗಿತ್ತು. ಆದರೆ ಅಷ್ಟಕ್ಕೇ ನಿಲ್ಲದೆ, ಮೈದುನನ ಡಬ್ಬಿಯಿಂದ ಅರ್ಧರ್ಧ ಮಾತ್ರೆ ಮುರಿದು, ಕೊಬ್ಬರಿ ಬೆಲ್ಲದೊಳಗಿಟ್ಟು ದಿನಾ ನುಂಗಿಸಿದರು. ಹುಡುಗಿಯ ತಾಯಿ, ಸೊಸೆ ಸುನಂದಾಗೆ ಹೇಳಲಿಲ್ಲ. ದಿನಕ್ಕೆ ಹತ್ತು ಸಲ ನಿಲ್ಲುತ್ತಿದ್ದ ಮಗು ಎರಡೇ ವಾರದಲ್ಲಿ ನಲವತ್ತು ಸಲ ನಿಲ್ಲತೊಡಗಿತು. ತುತ್ತು ಹಿಡಿದ ಕೈ ಬಾಯಿ ಮುಟ್ಟದೆ ನಿಂತದ್ದನ್ನು ಕಂಡ ದಿನ ಅಜ್ಜಿಯೇ ಸೊಸೆಯನ್ನೂ ಮಗುವನ್ನೂ ಆಸ್ಪತ್ರೆಗೆ ಹೊರಡಿಸಿದರು.

ತಿಪಟೂರಿನ ಡಾಕ್ಟರ್ ಅಫ್ಸರ್ ಬಾನು ಹುಡುಗಿಗೆ ಮೂರು ನಿಮಿಷ ಜೋರಾಗಿ ಉಸಿರು ಬಿಡಲು ಹೇಳಿದರು. ಹೀಗೆ ನಿಂತುಬಿಡುವ ಫಿಟ್ಸ್ ಇದ್ದರೆ ಆಗ ಕಣ್ಣೆದುರೇ ಬರುತ್ತದಂತೆ. ಸೌಂದರ್ಯ ನಾಚಿಕೊಂಡಳು. ಅವಳ ಕೈಯಲ್ಲಿ ತೆಂಗಿನಗರಿ ಸುತ್ತಿ ಮಾಡಿದ ಪೀಪಿ ಇತ್ತು. "ಅದನ್ನೇ ಊದು, ನಡೀತದೆ" ಎಂದರು ಡಾಕ್ಟರು. ಪೀಪಿ ಒಂದು ನಿಮಿಷ ಕೂಗಿ, ಪಕ್ಕನೆ ನಿಂತಿತು. ಹತ್ತು ಸೆಕೆಂಡಿನ ಮೇಲೆ ಮತ್ತೆ ಕೂಗಿತು.

ತಲೆಗೆ ತಂತಿ ಅಂಟಿಸಿ ಇಇಜಿ ತೆಗೆದದ್ದೂ ಅದನ್ನೇ ಹೇಳಿತು.

"ಮೆದುಳಲ್ಲಿ ಮಾತಾಡೋ ಜೀವಕೋಶಗಳೂ ಇರ್ತವೆ, ಅವನ್ನ ಸುಮ್ಮನಿರಿಸೋ ಜೀವಕೋಶಗಳೂ ಇರ್ತವೆ ಅಮ್ಮಾ" ಎಂದರು ಡಾಕ್ಟರು. "ಸುಮ್ಮನಿರಿಸೋವು ಇಲ್ದಿದ್ರೆ ತಲೆ ಒಳಗೆ ಬರೀ ಸಂತೆ. ಆದ್ರೆ ಇವಳಿಗೆ ಅವೆಲ್ಲ ಒಟ್ಟೊಟ್ಟಿಗೆ ಶ್ ಅಂತವೆ, ಬಿಡ್ತವೆ, ಮತ್ತೆ ಶ್ ಅಂತವೆ. ಸೆಕೆಂಡಿಗೆ ಮೂರು ಸಲ. ಆ ಹೊತ್ತು ಮಗು ನಮ್ಮ ಜೊತೆ ಇರಲ್ಲ. ಬೇರೆ ಮಾತ್ರೆ ಏನಾದ್ರೂ ಕೊಟ್ಟಿದ್ರಾ?"

ಸುನಂದಾ ಇಲ್ಲವೆಂದು ತಲೆಯಾಡಿಸಿದಳು. ರಾಮಲಕ್ಷ್ಮಮ್ಮ ಸುಮ್ಮನೆ ಕೂತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಸೊಂಟದ ಚೀಲದಿಂದ ಮಾತ್ರೆ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

ಡಾಕ್ಟರು ಓದಿ ನೋಡಿದರು. "ಬಿದ್ದು ಒದ್ದಾಡೋ ಫಿಟ್ಸ್‌ಗೆ ಇದು ಒಳ್ಳೇದೇ. ಇವಳಿಗೆ ಮಾತ್ರ ಆ ಶ್ ಅನ್ನೋದನ್ನ ಇನ್ನೂ ಜೋರು ಮಾಡ್ತದೆ."

"ಅಂದ್ರೆ ನಾನೇ ಕೆಡಿಸ್ಬುಟ್ಟೆ."

"ಇನ್ನು ಕೊಡಬೇಡಿ. ಇದಕ್ಕೇ ಅಂತ ಬೇರೆ ಮಾತ್ರೆ ಇದೆ. ತುಂಬಾ ಮಕ್ಕಳಿಗೆ ನಿಲ್ತದೆ. ಎಲ್ಲರಿಗೂ ಅಂತ ಹೇಳಲಾರೆ."

ಸುನಂದಾ ಹದಿನೈದು ದಿನ ಅತ್ತೆಯೊಡನೆ ಮಾತು ಬಿಟ್ಟಳು. ಅದು ತಕ್ಕದ್ದೇ ಎಂದು ರಾಮಲಕ್ಷ್ಮಮ್ಮನಿಗೂ ಅನ್ನಿಸಿತು. ಅವರು ಅಟ್ಟದ ಕಡೆ ತಲೆ ಹಾಕದೆ, ಹೊತ್ತು ಹೊತ್ತಿಗೆ ಹೊಸ ಮಾತ್ರೆ ಕೊಡುತ್ತ, ಮೊಮ್ಮಗಳ ಕಣ್ಣನ್ನೇ ಕಾಯುತ್ತ ಕೂತರು. ನಾನು ಕೆಡಿಸಿದ್ದು ನೆಟ್ಟಗಾಗುತ್ತದೆಯೇ ಎಂಬ ಒಂದೇ ಯೋಚನೆ. ನಲವತ್ತು ಇಪ್ಪತ್ತಾಯಿತು, ಐದಾಯಿತು. ಆಮೇಲೆ ಅವರ ಕಣ್ಣಿಗೆ ಒಂದೂ ಬೀಳಲಿಲ್ಲ. ಆದರೆ ತಮ್ಮ ಕಣ್ಣನ್ನು ನಂಬುವ ಧೈರ್ಯ ಅವರಲ್ಲಿ ಉಳಿದಿರಲಿಲ್ಲ.

ಮೂರು ತಿಂಗಳ ಮೇಲೆ ಅದೇ ಕೋಣೆ, ಅದೇ ಕುರ್ಚಿ. ಬೆಳಿಗ್ಗೆ ತೋಟದಲ್ಲಿ ಎಳೆಗರಿ ಕಿತ್ತು ಅಜ್ಜಿಯೇ ಸುತ್ತಿದ ಹೊಸ ಪೀಪಿ. ಸೌಂದರ್ಯ ಊದಿದಳು. ಒಂದು ನಿಮಿಷ. ಹಿಂದೆ ನಿಂತದ್ದು ಇಲ್ಲೇ. ರಾಮಲಕ್ಷ್ಮಮ್ಮ ಕಣ್ಣು ಮುಚ್ಚಿ, ಕಾಯಿಯ ಸದ್ದು ಕೇಳುವಂತೆ ಕಿವಿ ಕೊಟ್ಟರು. ಪೀಪಿ ಕೂಗುತ್ತಲೇ ಇತ್ತು. ಎರಡು ನಿಮಿಷ. ಸುನಂದಾ ಅತ್ತೆಯ ಕೈ ಹಿಡಿದುಕೊಂಡಳು. ಮೂರು ನಿಮಿಷವಾದಾಗ ಡಾಕ್ಟರು ಸಾಕೆಂದು ಕೈ ತೋರಿಸಿದರೂ ಹುಡುಗಿ ನಿಲ್ಲಿಸದೆ, ಕೆನ್ನೆ ಉಬ್ಬಿಸಿಕೊಂಡು ಅಜ್ಜಿಯನ್ನೇ ನೋಡುತ್ತ ಇನ್ನೂ ಊದಿದಳು.

"ಗೆದ್ದೆ ಕಣೇ ನನ್ನವ್ವ" ಎಂದರು ರಾಮಲಕ್ಷ್ಮಮ್ಮ. ಅಳು ಬಂತು, ತಡೆಯಲಿಲ್ಲ. ಆ ದಿನದ ಇಇಜಿಯೂ ಹಸನಾಗಿತ್ತು. ಮಾತ್ರೆ ಮಾತ್ರ ತಪ್ಪಿಸಬೇಡಿ ಎಂದು ಡಾಕ್ಟರು ನಗುತ್ತ ಬೀಳ್ಕೊಟ್ಟರು.

ಮನೆಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪೀಪಿ. ಕೊನೆಗೆ ತಡೆಯಲಾರದೆ ಕಂಡಕ್ಟರು, "ಅಜ್ಜೀ, ಆ ಮಗೂಗೆ ಒಸಿ ಸುಮ್ಕಿರು ಅನ್ನಿ" ಎಂದ.

ರಾಮಲಕ್ಷ್ಮಮ್ಮ ತುಟಿಯ ಮೇಲೆ ಬೆರಳಿಟ್ಟು ಕಂಡಕ್ಟರಿಗೇ "ಶ್" ಎಂದರು.