ಓದಿನ ಪೀರಿಯಡ್

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಇಡೀ ಶಾಲೆಗೇ ಗೊತ್ತು. ಆದರೆ ಆ ದಿನ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು.

ನನ್ನ ಐದನೇ ಕ್ಲಾಸಿನ ಮಕ್ಕಳಿಗೆಲ್ಲ ಅಗ್ಗದ ಪುಟ್ಟ ಲ್ಯಾಪ್‌ಟಾಪ್ ಹಂಚಿದ್ದ ಸಂಸ್ಥೆಯ ಮೇಡಂ ಬಂದಿದ್ದರು. "ಮಗು ತಾನೇ ಹುಡುಕಿಕೊಂಡು ಕಲಿಯುತ್ತೆ. ದೊಡ್ಡೋರು ಅಡ್ಡ ನಿಲ್ಲಬಾರದು, ಅಷ್ಟೇ. ದಿನಾ ಇರೋ ಓದಿನ ಪೀರಿಯಡ್ಡನ್ನೂ ಲ್ಯಾಪ್‌ಟಾಪಿಗೇ ಬಿಟ್ಟುಬಿಡಿ," ಎಂದರು. ಹೆಡ್‌ಮಾಸ್ಟರು ಹೂಂಗುಟ್ಟಿದರು.

"ಈಜು ಬಾರದ ಮಗೂನ ಬಾವಿಗೆ ತಳ್ಳಿ, ತಾನೇ ಕಲಿಯುತ್ತೆ ಬಿಡಿ ಅಂದ ಹಾಗಾಯ್ತು!" ಎಂದೆ.

ಮೇಡಂ ನಕ್ಕರು. "ನಿಮ್ಮ ಕ್ಲಾಸಿನ ಮಗುವನ್ನೇ ಕರೆಸಿ ನೋಡೋಣ, ಟೀಚರ್."

ಹೆಡ್‌ಮಾಸ್ಟರು ಕರೆಸಿದ್ದು ಚೂಟಿಯನ್ನು. ಬೇರೆ ಯಾರನ್ನಾದರೂ ಕರೆಸಬಾರದಿತ್ತೇ! ಅವಳೋ ಬಂದವಳೇ ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದಳು, ಅದನ್ನು ಕುಣಿಸಿದಳು, ಕುಣಿತಕ್ಕೊಂದು ರಾಗ ಕೂಡಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಚೂಟಿಗೆ ಓದಲು ಬರುತ್ತಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬಳಿಗೇ. ಪಕ್ಕದವಳು ಓದಿದ್ದನ್ನು ಕೇಳಿಸಿಕೊಂಡು ಬಾಯಿಪಾಠ ಒಪ್ಪಿಸಿ ಐದನೇ ಕ್ಲಾಸಿನವರೆಗೆ ಬಂದಿದ್ದಳು, ಜಾಣೆ. ಎರಡು ತಿಂಗಳಿಂದ ಓದಿನ ಪೀರಿಯಡ್ಡಿನಲ್ಲಿ ನನ್ನ ಮೇಜಿನ ಪಕ್ಕ ಕೂತು, ಪಿಸುದನಿಯಲ್ಲಿ ಕಲಿಯುತ್ತ ಈಗಷ್ಟೇ ಒತ್ತಕ್ಷರಕ್ಕೆ ಬಂದಿದ್ದಳು.

"ಯಾರಿಗೂ ಹೇಳ್ಬೇಡಿ ಟೀಚರ್," ಎಂದಿದ್ದಳು.

"ಹೇಳಲ್ಲ ಕಣೇ, ನನ್ನಾಣೆ," ಎಂದಿದ್ದೆ.

"ನೋಡಿದ್ರಾ?" ಎಂದರು ಮೇಡಂ. ಹೆಡ್‌ಮಾಸ್ಟರು ಪೆನ್ನು ತೆಗೆದು ಟೈಂಟೇಬಲ್ ಮುಂದಕ್ಕೆಳೆದುಕೊಂಡರು.

ಬಾಯಿ ಮುಚ್ಚಿಕೊಂಡರೆ ಪೀರಿಯಡ್ ಹೋಗುತ್ತದೆ, ಇವಳ ಓದು ಅಲ್ಲಿಗೇ ನಿಲ್ಲುತ್ತದೆ. ಬಾಯಿ ಬಿಟ್ಟರೆ ಇವಳ ಮಾನ ಹೋಗುತ್ತದೆ. ಯೋಚಿಸಲು ಯಾರು ಬಿಟ್ಟರು?

"ಚೂಟಿ, ಪರದೆ ಮೇಲಿರೋ ಆ ಸಾಲು ಓದು," ಎಂದುಬಿಟ್ಟೆ.

ಅವಳು ಪರದೆಯನ್ನು ನೋಡಲೇ ಇಲ್ಲ, ನನ್ನನ್ನೇ ನೋಡಿದಳು. "ಓದಮ್ಮ, ಹೆದರ್ಬೇಡ," ಎಂದರು ಮೇಡಂ. ಚೂಟಿಯ ಕಿವಿ ಕೆಂಪಾಯಿತು, ತಲೆ ತಗ್ಗಿತು. ನಿಧಾನಕ್ಕೆ ಎಲ್ಲರಿಗೂ ಅರ್ಥವಾಯಿತು. ಹೆಡ್‌ಮಾಸ್ಟರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಪೀರಿಯಡ್ ಉಳಿಯಿತು.

ಮರುದಿನ ಚೂಟಿ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಜೀವ ತಡೆಯದೆ ಅವಳ ಮನೆಗೇ ಹೋದೆ. "ಅದೇನು ಹೊಟ್ಟೆನೋವೋ ತಾಯಿ, ಊಟಾನೂ ಬಿಟ್ಟಿದಾಳೆ," ಎಂದ ಅವಳ ಅಜ್ಜಿ ಒಳಗೆ ತಿರುಗಿ ಅವಳನ್ನು ಕೂಗಿ ಕರೆದರು. ಚೂಟಿ ಬಂದು ಲ್ಯಾಪ್‌ಟಾಪನ್ನು ನನ್ನ ಕೈಗಿಟ್ಟಳು.

"ಓದೋಕೆ ಬರೋರಿಗೆ ಕೊಡಿ."

"ತಪ್ಪಾಯ್ತು ಕಣೇ ಪುಟ್ಟಿ. ನಿನ್ನ ಪೀರಿಯಡ್ ಉಳಿಸೋಕೆ ಅಂತ..."

"ಅದು ನಿಮ್ಮ ಪೀರಿಯಡ್, ಟೀಚರ್," ಎಂದು ಒಳಗೆ ಹೊರಟುಹೋದಳು.