ನಳಿಗೆಯ ಹಾಲು

"ಬಂತು! ಅತ್ತಿ, ಹಾಲು ಬಂತು ನೋಡ್ರಿ!"

ಭಾಗ್ಯಜ್ಯೋತಿ ಕೂಗಿದ ರಭಸಕ್ಕೆ ಮಹಾದೇವಮ್ಮನ ಕೈಯಲ್ಲಿದ್ದ ಅಳವಿ ಬೀಜದ ಪಾಯಸದ ಡಬ್ಬಿ ಇನ್ನೇನು ನೆಲ ಕಾಣುತ್ತಿತ್ತು. ಸೊಸೆ ಹಿಡಿದ ಬಟ್ಟಲ ತಳದಲ್ಲಿ ಒಂದೆರಡು ಚಮಚೆ ಎದೆಹಾಲು. ಮುದುಕಿಯ ಕಣ್ಣಿಗೆ ಅದೇ ಕೊಡಗಟ್ಟಲೆ ಕಂಡಿತು.

ದಂಡೋತಿಯಿಂದ ಈ ಸೇಡಂ ಆಸ್ಪತ್ರೆಗೆ ಬಂದಾಗಿನಿಂದ ಅವಳು ಸೊಸೆಯ ಮುಖ ನೇರ ನೋಡಿರಲಿಲ್ಲ. ಕೂಸು ಮಲ್ಲುವಿಗೆ ಕೆಮ್ಮು ಹತ್ತಿದಾಗ "ಎದಿಹಾಲು ಕುಡಿಸಿದ್ರ ಕಫ ಕಟ್ತದ, ಬರೇ ಗಂಜಿತಿಳಿ ಹಾಕು" ಎಂದು ಪಟ್ಟು ಹಿಡಿದವಳು ಅವಳೇ. ಹೆತ್ತ ಮಕ್ಕಳಿಗೂ ಹಾಗೇ ಮಾಡಿದ್ದಳು, ಪುಣ್ಯಕ್ಕೆ ಅವು ಬದುಕಿದ್ದವು. ಮಲ್ಲು ಮಾತ್ರ ಎಲುಬಿನ ಗೂಡಾದ. ನ್ಯುಮೋನಿಯಾ ಎದೆಯ ಎರಡೂ ಕಡೆ ಹಬ್ಬಿತು. ಇತ್ತ ತಾಯಿಯ ಹಾಲೂ ಬತ್ತಿತು.

ಡಾಕ್ಟರ್ ಶಹಾಬುದ್ದೀನ ಬಿಡಿಸಿ ಹೇಳಿದ್ದರು: "ಉಸಿರಾಡೋದ್ರಾಗೇ ಕೂಸಿನ ಕಸುವೆಲ್ಲ ಹೊಂಟದ. ಭಾಳ ನೀರು ಹಾಕಿದ್ರ ಎದಿಗೆ ತ್ರಾಸು. ಸ್ವಲ್ಪದಾಗೇ ಭಾಳ ಕಸುವು ಹೋಗಬೇಕು. ಡಬ್ಬಿ ಹಾಲು ಹೊಟ್ಟ್ಯಾಗ ನಿಲ್ಲವಲ್ದು. ತಾಯಿಹಾಲು ಸಿಕ್ರ ಕಸುವಿನ ಪುಡಿ ಕೂಡಿಸಿ ಹಾಕ್ತೀವಿ. ಅದೂ ನಿಲ್ಲಲಿಲ್ಲಂದ್ರ ಹೈದರಾಬಾದಿಗೆ ಒಯ್ಯಬೇಕು. ಕೂಸು ಅಷ್ಟು ದೂರದ ದಾರಿ ತಡಕೊಳ್ಳೋದು ಕಷ್ಟ."

ಅಂದಿನಿಂದ ಮಹಾದೇವಮ್ಮ ಎದೆಹಾಲು ಹೆಚ್ಚಲೆಂದು ಅಳವಿ ಪಾಯಸ ಕುದಿಸಿದ್ದೇ ಕುದಿಸಿದ್ದು, ಸೊಸೆಯ ಬಾಯಿಗೆ ತುರುಕಿದ್ದೇ ತುರುಕಿದ್ದು. ಭಾಗ್ಯಜ್ಯೋತಿ ಹೊತ್ತುಹೊತ್ತಿಗೂ ಎದೆ ಹಿಂಡುತ್ತ ಕೂತಿದ್ದಳು.

ನರ್ಸ್ ಮಾಳಮ್ಮ ಹಾಲಿಗೆ ಪುಡಿ ಬೆರೆಸಿ, ಮಲ್ಲುವಿನ ಮೂಗಿನಿಂದ ಹೊಟ್ಟೆಗಿಳಿದ ನಳಿಗೆಗೆ ಸಿರಿಂಜು ಸಿಕ್ಕಿಸಿ ಅದರಲ್ಲಿ ಹಾಲು ಸುರಿದಳು. "ದೂಡಂಗಿಲ್ಲ. ಮ್ಯಾಲೆ ಹಿಡಿದ್ರ ತಾನೇ ಇಳೀತದ."

"ಅತ್ತಿ, ನೀವ ಹಿಡೀರಿ. ಹಿಂಡಿ ಹಿಂಡಿ ನನ್ನ ಕೈ ಸೋತಾವ."

"ನಾನಾ? ನನ್ನ ಕೈಲೆ ಬ್ಯಾಡವ್ವ!"

"ಹಿಡೀರಿ ಅಂದ್ರ!" ಭಾಗ್ಯಜ್ಯೋತಿ ಗದರಿಯೇಬಿಟ್ಟಳು. ಮದುವೆಯಾಗಿ ಬಂದಮೇಲೆ ಅತ್ತೆಗೆ ಅವಳು ಎದುರಾಡಿದ್ದು ಇದೇ ಮೊದಲು.

ಮಹಾದೇವಮ್ಮ ಹಿಡಿದಳು. ನಳಿಗೆಯೊಳಗೆ ಬಿಳಿ ಗೆರೆ ಮೆಲ್ಲಗೆ ಇಳಿಯತೊಡಗಿತು. ಮೂವರೂ ಕೂಸಿನ ಬಾಯನ್ನೇ ನೋಡುತ್ತ ನಿಂತರು. ವಾಂತಿಯಾಗಲಿಲ್ಲ. ಬಹಳ ಹೊತ್ತಾದರೂ ಆಗಲಿಲ್ಲ. ಮಲ್ಲು ಕಣ್ಣು ಮುಚ್ಚಿಯೇ ತುಟಿ ಕೂಡಿಸಿ, ಏನೋ ಚೀಪಿದಂತೆ ಮಾಡಿದ.

"ಯವ್ವಾ! ನೋಡ್ರಿ, ಚೀಪಾಕತ್ತಾನ!" ಭಾಗ್ಯಜ್ಯೋತಿ ಅಳುತ್ತಲೇ ನಕ್ಕಳು.

"ಹಾಲು ಯಾವಾಗೋ ಮುಗದದ, ಕೈ ಇಳಸ್ರಿ ಅಮ್ಮಾ," ಎಂದಳು ಮಾಳಮ್ಮ.

ಮಹಾದೇವಮ್ಮ ಇಳಿಸಲಿಲ್ಲ. ಸೊಸೆ ಹತ್ತಿರ ಬಂದು, ಸೋತಿದ್ದ ಆ ತೋಳಿಗೆ ಕೆಳಗಿನಿಂದ ತನ್ನ ಕೈ ಆನಿಸಿ ನಿಂತಳು.