ತೊಂಬತ್ತಕ್ಕೆ ನಿಂತ ಲೆಕ್ಕ

ವೇದವಲ್ಲಿ ಗಂಡನ ಜೇಬಿನಿಂದ ಹತ್ತು ರೂಪಾಯಿ ತೆಗೆದದ್ದು ಪಕ್ಕದ ಮನೆಯವಳ ಜೊತೆ ಮ್ಯಾಟಿನಿ ಸಿನಿಮಾ ನೋಡುವುದಕ್ಕೆ. ದೊಡ್ಡ ಕಳ್ಳತನವೇನಲ್ಲ ಬಿಡಿ. ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ಗಂಡನ ಜೇಬಿಗೆ ಕೈ ಹಾಕದ ಹೆಂಗಸು ಯಾರಿದ್ದಾರೆ ಹೇಳಿ! ಆದರೆ ಅವತ್ತು ಬೆಳಿಗ್ಗೆ ಹಾಸನಕ್ಕೆ ಹೊರಟ ಅವಳ ಗಂಡ ಸಂಪತ್ಕುಮಾರ ಮೇಷ್ಟ್ರು ವಾಪಸ್ಸು ಬರಲಿಲ್ಲ. ಬಸ್ ಚಾರ್ಜು ಎಂಟು ರೂಪಾಯಿ, ಬರುವಾಗ ಅವರ ಹತ್ತಿರ ಉಳಿದಿದ್ದದ್ದು ಮೂರು. ಮೂರು ರೂಪಾಯಿ ಮುಗಿದ ಸ್ಟಾಪಿನಲ್ಲಿ ಕಂಡಕ್ಟರು ಇಳಿಸಿದ. ಯಾರ ಮುಂದೆಯೂ ಕೈ ಚಾಚದ ಜಂಬದ ಮನುಷ್ಯ, ನಾಲೆ ಏರಿಯ ಮೇಲೆ ನಡೆದೇ ಹೊರಟರು, ಕಾಲು ಜಾರಿ ನೀರಿಗೆ ಬಿದ್ದರು. ಮಾರನೆಯ ದಿನ ಸಿಕ್ಕಾಗ ಜೇಬಿನಲ್ಲಿ ಒದ್ದೆ ಟಿಕೆಟ್ಟು ಬಿಟ್ಟರೆ ಬಿಡಿಗಾಸೂ ಇರಲಿಲ್ಲ. ಚಪ್ಪಲಿಯಂತೂ ಸಿಗಲೇ ಇಲ್ಲ.

ಆ ಹತ್ತು ರೂಪಾಯಿ ಜೇಬಿನಲ್ಲೇ ಇದ್ದಿದ್ದರೆ ಅವರು ಬಸ್ಸಿನಲ್ಲೇ ಊರು ಸೇರುತ್ತಿದ್ದರು. ಇದು ವೇದವಲ್ಲಿ ಒಬ್ಬಳಿಗೇ ಗೊತ್ತು. ಅತ್ತೆ ಶ್ರೀರಂಗಮ್ಮನಿಗೆ ಇದ್ದವನು ಒಬ್ಬನೇ ಮಗ. ಮಗಳು ಆರತಿಗೆ ಅಪ್ಪನೆಂದರೆ ಪ್ರಾಣ. ಇವರಿಬ್ಬರಿಗೆ ತಿಳಿದರೆ ತಾನು ಈ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಓಡಾಡುವುದು ಎಂದು ಅವಳು ಬಾಯಿ ಹೊಲಿದುಕೊಂಡು ಕೂತಳು.

ತಿಂಗಳು ಕಳೆಯಿತು. ತೊಂಬತ್ತಾರನೇ ಇಸವಿಯ ಡಿಸೆಂಬರ್. ಆರತಿಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಹಜಾರದಲ್ಲಿ ಬೋರಲು ಮಲಗಿ ಏನೋ ಬರೆಯುತ್ತಿದ್ದವಳನ್ನು ವೇದವಲ್ಲಿ ಬಗ್ಗಿ ನೋಡಿದಳು. ಹಾಳೆಯ ಮೇಲೆ ಸೊನ್ನೆ. ಅದರ ಕೆಳಗೆ, ‘ಟಿಕೆಟ್ಟು 3. ಕೂಡಿದರೆ 3.’

“ಏನೇ ಇದು?”

“ಅಪ್ಪನ ಲೆಕ್ಕ. ಕೊನೆಗೆ ಏನೂ ಉಳೀಲಿಲ್ಲ, ಮೊದಲು ಎಷ್ಟಿತ್ತು ಅಂತ.”

ಈ ಉಪಾಯ ಮೇಷ್ಟ್ರೇ ಹೇಳಿಕೊಟ್ಟದ್ದು. ಇಂಥ ಲೆಕ್ಕ ಬಂದರೆ ಕೊನೆಯಿಂದ ಹಿಂದಕ್ಕೆ ಬರಬೇಕು. ಖರ್ಚು ಮಾಡಿದ್ದನ್ನು ಕೂಡಬೇಕು, ಅರ್ಧ ಕೊಟ್ಟಿದ್ದರೆ ಎರಡರಷ್ಟು ಮಾಡಬೇಕು. ಮಗು ಅಪ್ಪನ ನೆನಪಿಗೆ ಏನೋ ಗೀಚುತ್ತಿದೆ ಎಂದುಕೊಂಡು ವೇದವಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಇನ್ನೊಂದು ಸಾಲು ಬಂತು. ‘ಜಾಮಿಟ್ರಿ ಬಾಕ್ಸ್ 18. ಕೂಡಿದರೆ 21.’ ಅದರ ಮಾರನೆಯ ದಿನ, ‘ಅಜ್ಜಿಯ ಕಣ್ಣಿನ ಡ್ರಾಪ್ಸ್ 20. ಕೂಡಿದರೆ 41.’ ಮೇಷ್ಟ್ರು ಹಾಸನದಲ್ಲಿ ಏನು ಕೊಂಡರೆಂದು ಯಾರಿಗೆ ಗೊತ್ತು? ಕೊಂಡದ್ದೆಲ್ಲ ನಾಲೆಯ ಪಾಲಾಗಿತ್ತು.

“ಯಾರು ಹೇಳಿದ್ದು ನಿಂಗೆ?”

“ಅಪ್ಪ. ದಿನಕ್ಕೊಂದು ಸಾಲು ಹೇಳ್ತಾರೆ,” ಎಂದಳು ಆರತಿ, ತಲೆಯೆತ್ತದೆ.

ನಾಲ್ಕನೆಯ ಸಾಲು, ‘ಗಂಗಾಧರಯ್ಯನಿಗೆ ಅರ್ಧ. ಎರಡರಷ್ಟು ಮಾಡಿದರೆ 82.’ ಗಂಗಾಧರಯ್ಯ ಮೇಷ್ಟ್ರ ಶಾಲೆಯ ಜವಾನ, ಹಾಸನದ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದ್ದವನು. ಅವನ ಹೆಂಡತಿ ಮಾದಮ್ಮ ಅದೇ ವಾರ ಮಾತಾಡಿಸಿಕೊಂಡು ಹೋಗಲು ಬಂದಳು. “ಅವತ್ತು ಬಂದಿದ್ರು ಕಣವ್ವ ನಮ್ಮ ಸಾಮಿ. ಜೇಬಲ್ಲಿದ್ದುದ್ನೆಲ್ಲ ಮಂಚದ ಮ್ಯಾಲೆ ಸುರುದು, ನಿಂಗರ್ಧ ನಂಗರ್ಧ ಅಂತ ನಲವತ್ತೊಂದು ರೂಪಾಯಿ ಎಣ್ಸಿ ಕೊಟ್ಟೋದ್ರು,” ಎಂದು ಅತ್ತಳು. ವೇದವಲ್ಲಿ ಕಾಫಿ ಲೋಟ ಕೆಳಗಿಟ್ಟು ಮಗಳ ಹಾಳೆಯನ್ನು ಇನ್ನೊಮ್ಮೆ ನೋಡಿದಳು.

ಇನ್ನೂ ಒಂದಿದೆ. ಆರತಿ ಸಾಲು ಬರೆದ ದಿನವೆಲ್ಲ ಬೀದಿಯಲ್ಲಿ ಚಪ್ಪಲಿ ಸದ್ದು ಕೇಳುತ್ತಿತ್ತು. ಮೇಷ್ಟ್ರ ಎಡಗಾಲಿನ ಚಪ್ಪಲಿಗೆ ಮೊಳೆ ಹೊಡೆಸಿದ್ದರಿಂದ ಅದು ಟಕ್ಕೆನ್ನುತ್ತಿತ್ತು. ಮೊದಲ ದಿನ ಬಸ್ ಸ್ಟ್ಯಾಂಡಿನ ಕಡೆ, ಆಮೇಲೆ ಬೀದಿ ತಿರುವಿನಲ್ಲಿ, ಆಮೇಲೆ ಬಾವಿಯ ಹತ್ತಿರ. ಹೋಗಿ ನೋಡಿದರೆ ಖಾಲಿ ಬೀದಿ, ರಣಗುಡುವ ಬಿಸಿಲು.

“ಅತ್ತೆ, ಇದನ್ನ ನಿಲ್ಸಿ. ನಂಗೆ ಹೆದರಿಕೆ ಆಗತ್ತೆ,” ಎಂದಳು ವೇದವಲ್ಲಿ.

ಶ್ರೀರಂಗಮ್ಮ ಬತ್ತಿ ಹೊಸೆಯುತ್ತಲೇ ಇದ್ದರು. “ಯಾಕೆ ನಿಲ್ಲಿಸ್ಬೇಕು? ಹೋದವರಿಗೆ ಎಲ್ಲಾನೂ ತಿರುಗಾಮುರುಗಾ ತಾನೇ ಮಾಡೋದು? ಜನಿವಾರ ತಿರುಗಾ ಹಾಕ್ಕೊಳ್ಳಲ್ವೆ, ಅಪ್ರದಕ್ಷಿಣೆ ಬರಲ್ವೆ? ಆ ದಾರೀಲಿ ಕರೆದ್ರೆ ಅವರಿಗೆ ತಿಳಿಯತ್ತೆ. ಮಗು ಕರೀತಿದೆ, ಅವನು ಬರ್ತಿದಾನೆ.”

ವೇದವಲ್ಲಿಗೆ ಗಂಡ ಬೇಡವಾಗಿದ್ದನೇ? ರಾತ್ರಿಯೆಲ್ಲ ಅವನಿಗಾಗಿ ಬಿಕ್ಕುತ್ತಿದ್ದವಳು ಅವಳು. ಆದರೆ ಲೆಕ್ಕ ಹೀಗೇ ಹಿಂದಕ್ಕೆ ಬಂದರೆ ನಿಲ್ಲುವುದು ಎಲ್ಲಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಐದನೆಯ ಸಾಲು, ‘ಹೋಗುವ ಬಸ್ಸು 8. ಕೂಡಿದರೆ 90.’ ಟಕ್ ಟಕ್ಕೆಂದು ಬಂದ ಸದ್ದು ಜಗಲಿಯ ಮೆಟ್ಟಿಲಿಗೆ ನಿಂತಿತು. ಒಳಗೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಮೂರು ದಿನ ಆರತಿ ಒಂದಕ್ಷರ ಬರೆಯಲಿಲ್ಲ. ತೆರೆದ ಬಾಗಿಲಿನಿಂದ ನಾಲೆಯ ಪಾಚಿಯ ವಾಸನೆ ಬರುತ್ತಿತ್ತು.

“ಅಪ್ಪ ಹಿಂದಿನ ರಾತ್ರಿ ನೂರು ಎಣಿಸಿ ಇಟ್ಟಿದ್ರಂತೆ,” ಎಂದಳು ಆರತಿ ಮೂರನೆಯ ದಿನ. “ಬೆಳಿಗ್ಗೆ ತೊಂಬತ್ತಾಗಿದೆ. ನಡುವಿನ ಸಾಲು ಅವರಿಗೇ ಗೊತ್ತಿಲ್ವಂತೆ. ಅದು ಸಿಕ್ಕದೆ ಒಳಗೆ ಬರಕ್ಕಾಗಲ್ವಂತೆ.”

ಅತ್ತೆಯ ಕೈ ಬತ್ತಿಯ ಮೇಲೆ ನಿಂತಿತು. ವೇದವಲ್ಲಿ ಬಾಗಿಲ ಕಡೆ ನೋಡಿದಳು. ಹೊಸಿಲಿನ ಆಚೆ ಕಲ್ಲು ಒಂದು ಮಾರಿನಷ್ಟು ಒದ್ದೆಯಾಗಿತ್ತು. ಸುಮ್ಮನಿದ್ದುಬಿಟ್ಟರೆ ತನ್ನ ಮರ್ಯಾದೆ ಉಳಿಯುತ್ತದೆ, ಅವರು ಅಲ್ಲೇ ನಿಂತಿರುತ್ತಾರೆ. ಅವಳಿಗೆ ತಡೆಯಲಾಗಲಿಲ್ಲ.

“ನಾನೇ ತೆಗೆದೆ. ಹತ್ತು ರೂಪಾಯಿ. ಸಿನಿಮಾಗೆ. ಅವರು ನೀರಲ್ಲಿದ್ದಾಗ ನಾನು ಟಾಕೀಸಲ್ಲಿ ನಗ್ತಾ ಕೂತಿದ್ದೆ,” ಎಂದುಬಿಟ್ಟಳು.

ಶ್ರೀರಂಗಮ್ಮ ಬೈಯಲಿಲ್ಲ. “ಮೊದಲೇ ಹೇಳಬಾರದಿತ್ತೇನೇ? ಮೂರು ದಿನದಿಂದ ಬಿಸಿಲಲ್ಲಿ ನಿಂತಿದಾನೆ,” ಎಂದರು.

ಆರತಿ ಬರೆದಳು. ‘ಅಮ್ಮ ತೆಗೆದದ್ದು 10. ಕೂಡಿದರೆ 100.’ ಟಕ್. ಸದ್ದು ಹೊಸಿಲು ದಾಟಿ ಹಜಾರಕ್ಕೆ ಬಂದು, ಗೂಡಿನ ಪಕ್ಕ ಶರ್ಟು ನೇತುಹಾಕುವ ಮೊಳೆಯ ಕೆಳಗೆ ನಿಂತಿತು. ವೇದವಲ್ಲಿಗೆ ಭಯವೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು.

ಆರತಿ ಹಾಳೆ ತಿರುವಿದಳು. “ಇನ್ನು ಮೊದಲಿಂದ ಮಾಡಿ ತಾಳೆ ನೋಡ್ಬೇಕು. ಇಲ್ದಿದ್ರೆ ಒಂದು ಮಾರ್ಕು ಹೋಗತ್ತೆ,” ಎಂದು ಮೇಲುಗಡೆ ನೂರು ಬರೆದಳು. ಮೊಳೆಯ ಕೆಳಗಿದ್ದ ಸದ್ದು ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟಿತು. ಮತ್ತೆ ಅದೇ ಬಸ್ಸು, ಅದೇ ಸ್ಟಾಪು, ಅದೇ ನಾಲೆ! ವೇದವಲ್ಲಿ ನುಗ್ಗಿ ಮಗಳ ಕೈ ಹಿಡಿದಳು. ಪೆನ್ಸಿಲ್ಲು ಆಗಲೇ ‘ಅಮ್ಮ’ ಎಂದು ಬರೆದಿತ್ತು.

“ಆ ಸಾಲು ಬೇಡ. ನೂರೂ ಅವರ ಜೇಬಲ್ಲೇ ಇರ್ಲಿ.”

“ಹಾಗಾದ್ರೆ ತಾಳೆ ಆಗಲ್ಲಮ್ಮ.”

“ಆಗದೇ ಇರ್ಲಿ. ಬರಿ ನೀನು.”

ಆರತಿ ಆ ಹೆಸರನ್ನು ಅಳಿಸಿದಳು. ಬಸ್ಸಿಗೆ ಎಂಟು ಹೋಗಿ ತೊಂಬತ್ತೆರಡು. ಗಂಗಾಧರಯ್ಯನಿಗೆ ಅರ್ಧ, ಉಳಿದದ್ದು ನಲವತ್ತಾರು. ಡ್ರಾಪ್ಸಿಗೆ ಇಪ್ಪತ್ತು, ಬಾಕ್ಸಿಗೆ ಹದಿನೆಂಟು. ಸದ್ದು ಬೀದಿ ದಾಟಿ ದೂರವಾಗುತ್ತ ಹೋಯಿತು.

“ಎಷ್ಟು ಉಳೀತೇ?” ಎಂದರು ಶ್ರೀರಂಗಮ್ಮ.

“ಎಂಟು ರೂಪಾಯಿ, ಅಜ್ಜಿ.”

ವೇದವಲ್ಲಿ ಎದ್ದಳು, ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು, ನಾಲ್ಕು ಜನಕ್ಕಾಗುವಷ್ಟು ಅಕ್ಕಿ ಅಳೆದು ತೊಳೆಯಲು ಕೂತಳು. ಹಾಸನದ ಬಸ್ಸು ಬರುವುದು ಆರು ಗಂಟೆಗೆ.